ಅಪ್ಪಯ್ಯನ ಲಿವರ್ ರೈಫಲ್: ಬಳಸುವುದೋ, ಹಾಗೆಯೇ ಕಾಪಾಡಿಡುವುದೋ?

ತುಂಗೆಯ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಾನು ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಸಮೀಪದಲ್ಲಿ ವಾಸವಾಗಿದ್ದೇನೆ. ಕಳೆದ ಚಳಿಗಾಲದಲ್ಲಿ ತೀರಿಕೊಂಡ ನಮ್ಮ ಅಪ್ಪಯ್ಯ ತಮ್ಮ ಉಯಿಲಿನಲ್ಲಿ ನನ್ನ ಹೆಸರಿಗೆಂದು ಪ್ರತ್ಯೇಕವಾಗಿ ಬರೆದಿಟ್ಟಿದ್ದು ಎರಡೇ ವಸ್ತುಗಳು. ಒಂದು, ಅಜ್ಜಿಯ ಕಾಲದ ಹಿತ್ತಾಳೆಯ ಕಾಫಿ ಫಿಲ್ಟರು. ಇನ್ನೊಂದು, ಮಾರ್ಲಿನ್ 39ಎ ಎಂಬ ಪಾಯಿಂಟ್ ಟೂ ಟೂ ಲಿವರ್ ರೈಫಲ್, ಅಂದರೆ ಟ್ರಿಗರಿನ ಸುತ್ತಲಿನ ಸನ್ನೆಯನ್ನು ಕೆಳಗೆಳೆದು ಮುಚ್ಚಿ ತೋಟೆ ಏರಿಸುವ, ಸಣ್ಣ ತೋಟೆಯ ಬಂದೂಕು. ಫಿಲ್ಟರನ್ನು ಅಂದಿನಿಂದಲೇ ಬಳಸುತ್ತಿದ್ದೇನೆ. ರೈಫಲ್ಲಿನ ವಿಷಯದಲ್ಲಿ ನಿಮ್ಮೆಲ್ಲರ ಸಲಹೆ ಬೇಕಾಗಿದೆ.

ಅಪ್ಪಯ್ಯ ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಹತ್ತಿರದ ಹಳ್ಳಿಯೊಂದರಲ್ಲಿ. ಅಲ್ಲಿ ಅಜ್ಜನ ಬಳಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದಿದ್ದ ಒಂದು ಕೇಪಿನ ಕೋವಿ ಇತ್ತಂತೆ. ಮಂಗಗಳನ್ನು ಓಡಿಸಲು ಬರಿಯ ಮದ್ದು ತುಂಬಿ ಈಡು ಹಾರಿಸುವ ಕೆಲಸ ಹನ್ನೆರಡು ವರ್ಷದ ಅಪ್ಪಯ್ಯನ ಪಾಲಿಗೆ ಬಂದಿತ್ತಂತೆ. 1969ರಲ್ಲಿ ಓಹಾಯೋದ ಅಕ್ರಾನ್‌ಗೆ ಬಂದು ಟೈರ್ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿ ಸೇರಿದರು. ಊರಿನ ಹೊರಗೆ ಮೂರು ಎಕರೆ ಜಾಗ, ಅದರ ಹಿಂಬದಿಯಲ್ಲಿ ಎತ್ತರದ ಮಣ್ಣಿನ ದಿಬ್ಬ. ಶನಿವಾರ ಬೆಳಿಗ್ಗೆ ಕಾಫಿ ಕುಡಿದು, ಆ ದಿಬ್ಬಕ್ಕೆ ಒರಗಿಸಿದ ಹಲಗೆಗೆ ಗುರಿ ಹಿಡಿಯುವುದು ಅವರ ವಾರದ ನಿಯಮವಾಗಿತ್ತು. ಹುಡುಗಿಯಾಗಿದ್ದಾಗ ಅವರ ಪಕ್ಕದಲ್ಲಿ ಕುಳಿತು ತೋಟೆಗಳನ್ನು ಎಣಿಸಿಕೊಟ್ಟದ್ದು ನನಗೆ ನೆನಪಿದೆ. ಆಮೇಲೆ ಕಾಲೇಜು, ಕೆಲಸ, ಮಕ್ಕಳು ಎಂದು ಮೂವತ್ತು ವರ್ಷ ನಾನು ಅದನ್ನು ಮುಟ್ಟಲಿಲ್ಲ.

ಪೆಟ್ಟಿಗೆ ತೆರೆದಾಗ ಮೊದಲು ಬಂದದ್ದು ವಾಸನೆ. ಹಾಪ್ಸ್ ನಂಬರ್ 9 ಎಂಬ ನಳಿಗೆ ತೊಳೆಯುವ ದ್ರವದ, ಬಾಳೆಹಣ್ಣಿನ ಎಸೆನ್ಸನ್ನು ಹೋಲುವ ಆ ವಾಸನೆ ನಮ್ಮ ಮನೆಯ ಶನಿವಾರದ ವಾಸನೆಯೇ ಆಗಿತ್ತು. ಅದರ ಪಕ್ಕದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಅದರೊಳಗೆ ನಳಿಗೆ ಒರೆಸಲು ಕತ್ತರಿಸಿಟ್ಟ ಚೌಕನೆಯ ಬಟ್ಟೆಯ ತುಂಡುಗಳು. ಕೈಗೆತ್ತಿಕೊಂಡು ನೋಡಿದರೆ, ಕೆಲವು ತುಂಡುಗಳ ಒಂದು ಬದಿಯಲ್ಲಿ ಹಸಿರು ಅಂಚು ಇದೆ. ಅದು ಅವರ ಹಳೆಯ ಮಲ್ಲು ಪಂಚೆ.

ಕಳೆದ ಭಾನುವಾರ ನಮ್ಮೂರಿನ ಗುರಿ ಅಭ್ಯಾಸದ ಮೈದಾನಕ್ಕೆ ಒಯ್ದಿದ್ದೆ. ಲಾಂಗ್ ರೈಫಲ್ ಎಂಬ ಉದ್ದನೆಯ ಬಗೆಯ ಹೊಸ ತೋಟೆಗಳನ್ನು ತುಂಬಿ ಲಿವರ್ ಎಳೆದರೆ, ಮುಚ್ಚುವಾಗ ಕೊನೆಯ ಒಂದು ಬೆರಳಿನಷ್ಟು ಅಂತರದಲ್ಲಿ ನಿಂತುಬಿಡುತ್ತಿತ್ತು. ಬಲವಾಗಿ ಒತ್ತಿದರೆ ಕೆಲವು ತೋಟೆಗಳು ಒಳಗೆ ಹೋದವು, ಕೆಲವು ಹೋಗಲಿಲ್ಲ. ಹಾರಿದ ಮೇಲೆ ಖಾಲಿ ಕೋಶವೂ ಬಿಗಿಯಾಗಿ ಹೊರಬರುತ್ತಿತ್ತು. ಒತ್ತಾಯ ಮಾಡುವುದು ಸರಿಯಲ್ಲವೆನಿಸಿ ಏಳು ಈಡುಗಳಿಗೇ ನಿಲ್ಲಿಸಿದೆ.

ನನ್ನ ಪ್ರಶ್ನೆಗಳು: ಈ ತೊಂದರೆಗೆ ಕಾರಣವೇನು? ಇದು ಯಾವ ವರ್ಷದ್ದೆಂದು ತಿಳಿಯುವುದು ಹೇಗೆ? ಅದರ ಮೇಲಿನ ಕ್ರಮಸಂಖ್ಯೆ 26ರಿಂದ ಆರಂಭವಾಗುತ್ತದೆ. ಮರದ ಮೇಲಿನ ಗೀರುಗಳನ್ನು ಉಜ್ಜಿ ಹೊಸ ಪಾಲಿಶ್ ಕೊಡಿಸಬಹುದೇ? ಎಲ್ಲಕ್ಕಿಂತ ಮುಖ್ಯವಾಗಿ, ಇಂತಹದ್ದನ್ನು ಬಳಸಬೇಕೇ, ಅಥವಾ ನೆನಪಿಗೆಂದು ಭದ್ರವಾಗಿ ಎತ್ತಿಡಬೇಕೇ? ತಮ್ಮನ ಅಭಿಪ್ರಾಯ ಎರಡನೆಯದು.

ಕೊಲರಾಡೋ ಕನ್ನಡಿಗ:

ನಿಮ್ಮ ತಂದೆಯವರ ಅಗಲಿಕೆಗೆ ಸಂತಾಪಗಳು. ಮೊದಲು ವರ್ಷದ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರ ಉತ್ತರ ನಿಮ್ಮ ಕೈಯಲ್ಲೇ ಇದೆ. 1973ರಿಂದ ಮುಂದಕ್ಕೆ ಮಾರ್ಲಿನ್ ಕಂಪನಿಯವರು ಕ್ರಮಸಂಖ್ಯೆಯ ಮೊದಲ ಎರಡು ಅಂಕಿಗಳಲ್ಲಿ ವರ್ಷವನ್ನು ಅಡಗಿಸಿಡುತ್ತಿದ್ದರು. 100ರಿಂದ ಆ ಅಂಕಿಗಳನ್ನು ಕಳೆದರೆ ವರ್ಷ ಸಿಗುತ್ತದೆ. ನೂರರಿಂದ 26 ಕಳೆದರೆ 74. ಆದ್ದರಿಂದ ನಿಮ್ಮದು 1974ರಲ್ಲಿ ತಯಾರಾದದ್ದು. ಇದಕ್ಕೂ ಹಿಂದಿನವಾದರೆ ಗುರುತಿಸುವ ಕ್ರಮ ಬೇರೆ.

ಈ ಬಂದೂಕಿನ ವಂಶಾವಳಿ ದೊಡ್ಡದು. ಜಾನ್ ಮಾರ್ಲಿನ್ 1870ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಕಾರ್ಖಾನೆ ತೆರೆದ. ಅಲ್ಲಿ ಹೆಪ್‌ಬರ್ನ್ ಎಂಬ ನಿಪುಣನ ವಿನ್ಯಾಸದಿಂದ ಬಂದ 1891ರ ಮಾದರಿಯೇ ಗಿಡ್ಡ, ಉದ್ದ ಎನ್ನದೆ ಬೇರೆ ಬೇರೆ ಉದ್ದದ ಪಾಯಿಂಟ್ ಟೂ ಟೂ ತೋಟೆಗಳನ್ನು ಒಂದರಲ್ಲಿಯೇ ಹಾರಿಸುವ ಮೊಟ್ಟಮೊದಲ ಲಿವರ್ ರೈಫಲ್. ಅದು 1892, 1897ರ ಮಾದರಿಗಳಾಗಿ ಬೆಳೆದು, 1920ರ ದಶಕದ ಆರಂಭದಲ್ಲಿ 39 ಎಂಬ ಹೆಸರು ಪಡೆದು, 1939ರಲ್ಲಿ 39ಎ ಆಯಿತು. ಹೊರಗಿನ ರೂಪ ಸ್ವಲ್ಪ ಸ್ವಲ್ಪ ಬದಲಾಗಿರಬಹುದು, ಆದರೆ ಒಳಗಿನ ತತ್ತ್ವ ನೂರು ವರ್ಷಕ್ಕೂ ಹೆಚ್ಚು ಕಾಲ ಅದೇ ಆಗಿ ಉಳಿಯಿತು. ನಿಮ್ಮ ತಂದೆಯವರು ಓಹಾಯೋದವರಾದ್ದರಿಂದ ಇನ್ನೊಂದು ಮಾತು ಹೇಳಬೇಕು: ಜಗತ್ತನ್ನೇ ಬೆರಗುಗೊಳಿಸಿದ ಗುರಿಕಾರ್ತಿ ಆನಿ ಓಕ್ಲೀ ಅದೇ ರಾಜ್ಯದ ಡಾರ್ಕ್ ಕೌಂಟಿಯಲ್ಲಿ ಹುಟ್ಟಿದವಳು, ಮತ್ತು ಅವಳ ಪ್ರದರ್ಶನದ ಬಂದೂಕುಗಳಲ್ಲಿ ಈ ಮಾರ್ಲಿನ್ ವಂಶದ್ದೂ ಇತ್ತು.

ನಿಮ್ಮದರ ಟ್ರಿಗರ್ ಚಿನ್ನದ ಬಣ್ಣದ್ದಾಗಿದ್ದರೆ ಅದು ಗೋಲ್ಡನ್ 39ಎ. ನಳಿಗೆಯ ಉದ್ದ 24 ಇಂಚು, ಒಟ್ಟು ತೂಕ ಸುಮಾರು 3 ಕಿಲೋ. ನಳಿಗೆಯ ಕೆಳಗಿನ ಕೊಳವೆಯಲ್ಲಿ 19 ಲಾಂಗ್ ರೈಫಲ್ ತೋಟೆಗಳು ಹಿಡಿಯುತ್ತವೆ, ಗಿಡ್ಡ ಶಾರ್ಟ್ ತೋಟೆಗಳಾದರೆ 26. ಹಿಂಬದಿಯ ಮರದ ಅಡಿಯಲ್ಲಿ ಕಪ್ಪು ಬಿಳುಪಿನ ಪುಟ್ಟ ವೃತ್ತವೊಂದನ್ನು ಕೂರಿಸಿರುತ್ತಾರೆ. ಅದು ಮಾರ್ಲಿನ್‌ನ ಗುರುತು. ನಳಿಗೆಯೊಳಗೆ 1950ರ ದಶಕದಿಂದ ಅವರು ಮೈಕ್ರೋಗ್ರೂವ್ ಎಂಬ ಪದ್ಧತಿಯನ್ನು ತಂದರು. ಬೇರೆಯವರು ಆಳವಾದ ಆರು ಸುರುಳಿ ತೋಡುಗಳನ್ನು ಕೊರೆಯುವ ಜಾಗದಲ್ಲಿ ಇವರು ಹದಿನಾರು ತೆಳುವಾದ ತೋಡುಗಳನ್ನು ಕೊರೆದರು. ಮೆದುವಾದ ಸೀಸದ ಗುಂಡಿನ ಆಕಾರ ಕೆಡದಂತೆ ಅದನ್ನು ತಿರುಗಿಸಿ ಕಳಿಸುವುದು ಅದರ ಉದ್ದೇಶ.

ವಿಂಚೆಸ್ಟರ್‌ನವರು 1972ರಲ್ಲಿ 9422 ಎಂಬ ಅತ್ಯುತ್ತಮ ಪ್ರತಿಸ್ಪರ್ಧಿಯನ್ನು ತಂದರು, ಅದು ನನ್ನ ಬಳಿ ಇದೆ. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ನಿಮ್ಮದನ್ನೇ ಆರಿಸುತ್ತೇನೆ. ಕಾರಣ ಒಂದು ಸ್ಕ್ರೂ. ಬಲಬದಿಯಲ್ಲಿರುವ ಆ ದೊಡ್ಡ ಸ್ಕ್ರೂವನ್ನು ನಾಣ್ಯದಿಂದ ಬಿಚ್ಚಿದರೆ ಬಂದೂಕು ಎರಡು ಭಾಗವಾಗುತ್ತದೆ, ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಕೈಗೆ ಬರುತ್ತದೆ, ನಳಿಗೆಯನ್ನು ಹಿಂದಿನಿಂದಲೇ ಒರೆಸಬಹುದು. ಬಹುತೇಕ ಲಿವರ್ ರೈಫಲ್ಲುಗಳಲ್ಲಿ ಕಡ್ಡಿಯನ್ನು ಬಾಯಿಯ ಕಡೆಯಿಂದ ತೂರಿಸಬೇಕಾಗಿ ಬಂದು, ವರ್ಷಾಂತರದಲ್ಲಿ ಆ ಬಾಯಿಯ ಅಂಚು ಸವೆದು ಗುರಿ ಕೆಡುತ್ತದೆ. ಇದರಲ್ಲಿ ಆ ಭಯವಿಲ್ಲ.

ಬಳಸಬೇಕೇ ಎಂಬುದಕ್ಕೆ: ಖಂಡಿತ ಬಳಸಿ. 1974ರ ಗೋಲ್ಡನ್ ಸಂಗ್ರಹಾಲಯದ ಅಪರೂಪವಲ್ಲ. ಬಳಕೆಗೆಂದೇ ಸಾವಿರಾರು ಸಂಖ್ಯೆಯಲ್ಲಿ ಮಾಡಿದ, ಬಳಸಿದಷ್ಟೂ ನುಣುಪಾಗುವ ವಸ್ತು.

ಮಕ್ಕಳ ವಾರ್ಡು:

ನನ್ನ ಮಾತು ಕೆಲವರಿಗೆ ರುಚಿಸದಿರಬಹುದು, ಆದರೆ ಹೇಳದೆ ಇರಲಾರೆ. ನಾನು ಈ ದೇಶದಲ್ಲಿ ಹದಿನೆಂಟು ವರ್ಷಗಳಿಂದ ಮಕ್ಕಳ ವಿಭಾಗದಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಪಾಯಿಂಟ್ ಟೂ ಟೂ ಎಂದರೆ ಆಟಿಕೆಯಂತೆ ಮಾತನಾಡುವುದನ್ನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಅದು ಆಟಿಕೆಯಲ್ಲ. ತೋಟೆಯ ಡಬ್ಬಿಯ ಮೇಲೆಯೇ ಗುಂಡು ಒಂದೂವರೆ ಮೈಲಿ ಹೋಗಬಲ್ಲದೆಂದು ಎಚ್ಚರಿಕೆ ಅಚ್ಚಾಗಿರುತ್ತದೆ. ನಿಮ್ಮ ಮನೆಯಲ್ಲಿ ಮಕ್ಕಳಿದ್ದಾರೆ ಎಂದಿರಿ. ಅಜ್ಜನ ನೆನಪು ಎಂಬ ಪ್ರೀತಿಯ ಕಾರಣಕ್ಕೇ ಮಕ್ಕಳಿಗೆ ಅದರ ಮೇಲೆ ಕುತೂಹಲ ಹೆಚ್ಚು. ಇದನ್ನು ಎಲ್ಲಿ, ಹೇಗೆ ಇಟ್ಟಿದ್ದೀರಿ ಎಂಬುದನ್ನು ಮೊದಲು ಹೇಳಿ. ಪಾಲಿಶ್ ವಿಚಾರ ಆಮೇಲೆ ಮಾತನಾಡಬಹುದು.

ಇನ್ನೊಂದು ವಿಷಯ ಸೀಸ. ಗುಂಡು ಸೀಸದ್ದು, ಹೊತ್ತಿಕೊಳ್ಳುವ ಮದ್ದಿನಲ್ಲಿಯೂ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ. ಮೈದಾನದಿಂದ ಬಂದವರು ಕೈ ತೊಳೆಯದೆ ತಿಂಡಿ ಮುಟ್ಟಬಾರದು, ಆ ಬಟ್ಟೆಯಲ್ಲಿಯೇ ಎಳೆಯ ಮಗುವನ್ನು ಎತ್ತಿಕೊಳ್ಳಬಾರದು.

ತುಂಗೆಯ ಮೊಮ್ಮಗಳು:

ನೀವು ಕೇಳಿದ್ದು ಸರಿಯಾಗಿದೆ, ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ರೈಫಲ್ ನೆಲಮಾಳಿಗೆಯಲ್ಲಿ, ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಕಪಾಟಿನೊಳಗಿದೆ. ತೋಟೆಗಳು ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿವೆ. ಎರಡೂ ಸಂಖ್ಯೆಯ ಬೀಗಗಳು, ಸಂಖ್ಯೆ ನನಗೂ ಪತಿಗೂ ಮಾತ್ರ ಗೊತ್ತು. ಮಗ ಹದಿನಾಲ್ಕು ವರ್ಷದವನು, ಮಗಳು ಹತ್ತು ವರ್ಷದವಳು. ಇಬ್ಬರನ್ನೂ ಕೂರಿಸಿಕೊಂಡು, ಬಂದೂಕನ್ನು ಎದುರಿಗಿಟ್ಟು, ಇದು ಏನು ಮಾಡಬಲ್ಲದು ಎಂಬುದನ್ನು ಹೇಳಿದ್ದೇನೆ. ಅಪ್ಪಯ್ಯ ನನಗೆ ಹೇಳಿದ್ದೂ ಹಾಗೆಯೇ: ಖಾಲಿ ಕೋವಿ ಎಂಬುದು ಇಲ್ಲ, ನೀನು ಈಗಷ್ಟೇ ನೋಡಿ ಖಾಲಿ ಎಂದು ಖಚಿತಪಡಿಸಿಕೊಂಡ ಕೋವಿ ಮಾತ್ರ ಇದೆ. ಸೀಸದ ವಿಷಯ ನನಗೆ ಹೊಳೆದಿರಲಿಲ್ಲ. ಇನ್ನು ಮುಂದೆ ಮೈದಾನಕ್ಕೆಂದೇ ಒಂದು ಜಾಕೆಟ್ಟನ್ನು ಕಾರಿನ ಡಿಕ್ಕಿಯಲ್ಲಿ ಬೇರೆಯಾಗಿ ಇಡುತ್ತೇನೆ.

1974 ಎಂದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ತಮ್ಮ ಸ್ಕೌಟ್ ಸೇರಿದಾಗ ಅವನಿಗೆ ಕಲಿಸಲೆಂದು ಅಪ್ಪಯ್ಯ ಇದನ್ನು ಕೊಂಡರೆಂದು ನಮ್ಮ ಮನೆಯ ನಂಬಿಕೆ. ಆದರೆ ಆ ವರ್ಷ ನಾನೂ ಹುಟ್ಟಿರಲಿಲ್ಲ, ತಮ್ಮನೂ ಹುಟ್ಟಿರಲಿಲ್ಲ. ಅಮ್ಮನನ್ನು ಕೇಳಿದೆ. ಕೊಂಡ ಚೀಟಿ ಇನ್ನೂ ಇದೆಯಂತೆ. ಹೊಸದಾಗಿ, ಅದೇ ವರ್ಷದ ಕೊನೆಯಲ್ಲಿ, ಅವರು ತಮಗಾಗಿಯೇ ಕೊಂಡದ್ದು.

ಜಾಲಹಳ್ಳಿ ಟೂಲ್‌ರೂಮ್:

ತಾಯೀ, ನಾನು ಬೆಂಗಳೂರಿನ ಜಾಲಹಳ್ಳಿಯಲ್ಲಿ ಮೂವತ್ತೊಂದು ವರ್ಷ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತನಾಗಿ, ಈಗ ಟೆಕ್ಸಸ್‌ನಲ್ಲಿ ಮಗನ ಮನೆಯಲ್ಲಿ ಇರುವವನು. ಮಗನ ನೆರೆಯವರ ಹಳೆಯ ಬಂದೂಕುಗಳನ್ನು ಬಿಚ್ಚಿ ಶುದ್ಧ ಮಾಡಿಕೊಡುವುದು ನನ್ನ ಸಂಜೆಯ ಕೆಲಸವಾಗಿದೆ. ನಿಮ್ಮ ತೊಂದರೆಯ ವರ್ಣನೆಯನ್ನು ಎರಡು ಸಲ ಓದಿದೆ. ಒಂದು ಪ್ರಶ್ನೆ: ತಂದೆಯವರ ಡಬ್ಬಿಯಲ್ಲಿ ಶಾರ್ಟ್ ತೋಟೆಗಳೇನಾದರೂ ಉಳಿದಿದ್ದವೇ?

ತುಂಗೆಯ ಮೊಮ್ಮಗಳು:

ಹೌದು! ಎರಡು ತುಂಬಿದ ಡಬ್ಬಿಗಳು, ಒಂದು ಅರ್ಧ ಖಾಲಿಯಾದದ್ದು. ಲಾಂಗ್ ರೈಫಲ್ ತೋಟೆ ಒಂದೂ ಇರಲಿಲ್ಲ. ನಿಮಗೆ ಅದು ಹೇಗೆ ತಿಳಿಯಿತು?

ಜಾಲಹಳ್ಳಿ ಟೂಲ್‌ರೂಮ್:

ಹಾಗಾದರೆ ರೋಗ ಗೊತ್ತಾಯಿತು. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹಳೆಯ ಪಾಯಿಂಟ್ ಟೂ ಟೂ ಪಡೆದ ಬೇರೆಯವರಿಗೂ ಇದು ಉಪಯೋಗವಾಗಬಹುದು.

ಈ ತೋಟೆಯಲ್ಲಿ ಹೊತ್ತಿಕೊಳ್ಳುವ ಮದ್ದು ನಡುವಿನಲ್ಲಿ ಇರುವುದಿಲ್ಲ. ಹಿತ್ತಾಳೆಯ ಕೋಶದ ಬುಡದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತದೆ. ಸೂಜಿ ಆ ಅಂಚನ್ನು ಜಜ್ಜಿದಾಗ ಅದು ಹೊತ್ತಿಕೊಳ್ಳುತ್ತದೆ, ಅದಕ್ಕೇ ರಿಮ್‌ಫೈರ್ ಎಂಬ ಹೆಸರು. ಶಾರ್ಟ್ ತೋಟೆ 1857ರಷ್ಟು ಹಳೆಯದು, ಲಾಂಗ್ ರೈಫಲ್ 1887ರದು. ಎರಡರ ಸುತ್ತಳತೆ ಒಂದೇ, ಉದ್ದ ಮಾತ್ರ ಬೇರೆ. ಶಾರ್ಟ್‌ನ ಕೋಶ ಸುಮಾರು 10.7 ಮಿಲಿಮೀಟರ್, ಲಾಂಗ್ ರೈಫಲ್‌ನದು 15.6. ಆದ್ದರಿಂದ ಉದ್ದದ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡಿನಲ್ಲಿ, ಗಿಡ್ಡ ತೋಟೆಯನ್ನು ಹಾರಿಸಿದಾಗ, ಕೋಶದ ಬಾಯಿಯಿಂದ ಮುಂದಕ್ಕೆ ಸುಮಾರು ಐದು ಮಿಲಿಮೀಟರ್ ಜಾಗ ಬರಿದಾಗಿ ಉಳಿಯುತ್ತದೆ. ಸುಟ್ಟ ಮದ್ದಿನ ಕಿಟ್ಟ, ಸೀಸದ ಪುಡಿ, ಗುಂಡಿಗೆ ಸವರಿದ ಮೇಣ ಎಲ್ಲವೂ ಆ ಜಾಗದಲ್ಲಿಯೇ ಕೂರುತ್ತವೆ. ವರ್ಷಗಟ್ಟಲೆ ಶಾರ್ಟ್ ಮಾತ್ರ ಹಾರಿಸಿದರೆ ಅದು ಗಟ್ಟಿಯಾದ ಉಂಗುರವಾಗುತ್ತದೆ. ಶಾರ್ಟ್‌ಗೆ ಅದರಿಂದ ಏನೂ ತೊಡಕಿಲ್ಲ, ಆದ್ದರಿಂದ ನಿಮ್ಮ ತಂದೆಯವರಿಗೆ ಅದು ತಿಳಿದೇ ಇರಲಿಕ್ಕಿಲ್ಲ. ನೀವು ಉದ್ದದ ತೋಟೆ ಹಾಕಿದ ದಿನ ಅದರ ಬಾಯಿ ಆ ಉಂಗುರಕ್ಕೆ ತಾಗಿ ನಿಂತಿತು. ಲಿವರ್ ಕೊನೆಯಲ್ಲಿ ಬಿಗಿಯಾಗುವುದು, ಕೋಶ ಹೊರಬರಲು ತಕರಾರು ಮಾಡುವುದು, ಎರಡಕ್ಕೂ ಕಾರಣ ಅದೇ.

ಇನ್ನೊಂದು ಸಾಧ್ಯತೆಯನ್ನೂ ನೋಡಿಕೊಳ್ಳಬೇಕು. ತೋಟೆಯಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ ಯಾರಿಗಾದರೂ ಇದ್ದರೆ ಸೂಜಿ ನೇರವಾಗಿ ಚೇಂಬರಿನ ಅಂಚಿಗೆ ಬಡಿದು ಅಲ್ಲಿ ಉಕ್ಕು ಎದ್ದುನಿಲ್ಲುತ್ತದೆ. ಟಾರ್ಚು ಹಿಡಿದು ಹಿಂಬದಿಯ ಅಂಚನ್ನು ನೋಡಿ. ಕಚ್ಚು ಕಂಡರೆ ನೀವೇ ಅರ ಹಾಕಲು ಹೋಗಬೇಡಿ, ಅದು ಬಲ್ಲವರ ಕೆಲಸ.

ಶುದ್ಧಗೊಳಿಸುವ ಕ್ರಮ ಹೀಗಿದೆ. ಕೊಳವೆಯ ಒಳಗಿನ ಹಿತ್ತಾಳೆಯ ನಳಿಕೆಯನ್ನು ಪೂರ್ತಿ ಹೊರಗೆ ಎಳೆದು ಬಂದೂಕನ್ನು ಬಗ್ಗಿಸಿ, ತೋಟೆಗಳಿದ್ದರೆ ಸುರಿಯಿರಿ. ಅಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. ಒಂದು ತೋಟೆ ಒಳಗೆ ಉಳಿದಿರಬಹುದು. ಲಿವರನ್ನು ನಾಲ್ಕಾರು ಸಲ ಪೂರ್ತಿಯಾಗಿ ಎಳೆದು, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ನೋಡಿ. ಆಮೇಲೆ ಕುದುರೆಯನ್ನು, ಅಂದರೆ ಸೂಜಿಗೆ ಬಡಿಯುವ ಸುತ್ತಿಗೆಯನ್ನು, ಅರ್ಧಕ್ಕೆ ನಿಲ್ಲಿಸಿ, ಸ್ಕ್ರೂ ಬಿಚ್ಚಿ, ಹಿಂಬದಿಯನ್ನು ಅಂಗೈಯಿಂದ ಮೆಲ್ಲನೆ ತಟ್ಟಿದರೆ ಎರಡು ಭಾಗ ಬೇರೆಯಾಗುತ್ತವೆ. ಬೋಲ್ಟನ್ನು ತೆಗೆದಿಡಿ. ಒಳಗೆ ಎಡಬದಿಯಲ್ಲಿ ಖಾಲಿ ಕೋಶವನ್ನು ಹೊರಗೆ ಚಿಮ್ಮಿಸುವ ಎಜೆಕ್ಟರ್ ಇದೆ. ಅದನ್ನು ಒತ್ತಿಹಿಡಿದು ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿದರೆ ಅದು ಅಡಗಿ ಕೂರುತ್ತದೆ, ಕಡ್ಡಿಗೆ ದಾರಿ ಬಿಡುತ್ತದೆ. ಮತ್ತೆ ಜೋಡಿಸುವಾಗ ಅದನ್ನು ಬಿಡಿಸಲು ಮರೆಯಬಾರದು. ಮರೆತವರು ಕೋಶ ಹೊರಬರುತ್ತಿಲ್ಲವೆಂದು ಬಂದೂಕನ್ನು ರಿಪೇರಿಗೆ ಒಯ್ಯುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಚೇಂಬರಿಗೆ ದ್ರವ ಸವರಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಕಂಚಿನ ಬ್ರಷ್ಷನ್ನು ಹಿಂದಿನಿಂದ ತೂರಿಸಿ, ಆ ಐದು ಮಿಲಿಮೀಟರಿನಲ್ಲಿ ತಿರುಗಿಸುತ್ತಾ ಉಜ್ಜಿ. ಉಕ್ಕಿನ ಬ್ರಷ್ ಬೇಡವೇ ಬೇಡ. ಆಮೇಲೆ ಬಟ್ಟೆಯ ತುಂಡು. ಮತ್ತೆ ದ್ರವ, ಮತ್ತೆ ಬ್ರಷ್. ಆತುರಪಡಬೇಡಿ.

ಮರದ ಬಗ್ಗೆ: ದಯವಿಟ್ಟು ಉಪ್ಪುಕಾಗದ ಹಾಕಬೇಡಿ. ಅದು ಒಳ್ಳೆಯ ಅಮೆರಿಕನ್ ವಾಲ್‌ನಟ್. ಮೆತ್ತನೆಯ ಬಟ್ಟೆಯಿಂದ ಕೊಳೆ ತೆಗೆದು, ತೆಳುವಾಗಿ ಮೇಣ ಹಚ್ಚಿದರೆ ಸಾಕು. ಗೀರುಗಳು ನಿಮ್ಮ ತಂದೆಯವರು ಹಿಡಿದ ಜಾಗಗಳು. ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಬರುವಂಥದ್ದಲ್ಲ.

ಹಿಮದೂರು:

ಇಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ಕನ್ನಡದಲ್ಲಿ ಮೊದಲ ಸಲ ಓದುತ್ತಿದ್ದೇನೆ. ಒಂದು ಸೇರ್ಪಡೆ ಮಾತ್ರ: ಆ ದೊಡ್ಡ ಸ್ಕ್ರೂ ಈಡುಗಳ ಅದುರುವಿಕೆಗೆ ಮೆಲ್ಲಮೆಲ್ಲನೆ ಸಡಿಲವಾಗುತ್ತದೆ. ಐವತ್ತು ಈಡಿಗೊಮ್ಮೆ ಮುಟ್ಟಿ ನೋಡಿಕೊಳ್ಳಿ. ಸಡಿಲವಾದರೆ ತೋಟೆ ಸಿಕ್ಕಿಕೊಳ್ಳುವುದಲ್ಲದೆ ಗುರಿಯೂ ಅಲೆಯುತ್ತದೆ. ಲಿವರನ್ನು ಅರ್ಧಂಬರ್ಧ ಎಳೆಯಬೇಡಿ, ಕೊನೆಯವರೆಗೂ ಎಳೆಯಿರಿ.

ಐನ್‌ಮನೆ:

ನಾನು ವಿರಾಜಪೇಟೆಯ ಕಡೆಯವನು. ನಮ್ಮಲ್ಲಿ ಕೋವಿಗೆ ತೋಕ್ ಎನ್ನುತ್ತೇವೆ. ಪಿತ್ರಾರ್ಜಿತ ಬಂದೂಕನ್ನು ಬಳಸಬೇಕೇ, ಎತ್ತಿಡಬೇಕೇ ಎಂಬ ಅಕ್ಕನ ಪ್ರಶ್ನೆ ನನಗೆ ಬಹಳ ಹತ್ತಿರದ್ದು, ಆದ್ದರಿಂದ ನಮ್ಮ ಕಡೆಯ ರೂಢಿಯನ್ನು ಹೇಳುತ್ತೇನೆ.

ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದ ದಿನ ನಮ್ಮ ಒಕ್ಕದ, ಅಂದರೆ ಕುಲದ, ಕೋವಿಗಳನ್ನೆಲ್ಲ ತೊಳೆದು, ಎಣ್ಣೆ ಹಚ್ಚಿ, ಐನ್‌ಮನೆ ಎಂಬ ಮೂಲ ಮನೆಯಲ್ಲಿ ಸಾಲಾಗಿ ಇಡುತ್ತೇವೆ. ನಳಿಗೆಗೆ ತೋಕ್ ಪೂ ಎಂಬ ಕೆಂಪು ಹಳದಿಯ ಹೂವನ್ನು ಮುಡಿಸುತ್ತೇವೆ. ಪೂಜೆಯಾದ ಮೇಲೆ ಅವನ್ನು ಮತ್ತೆ ಪೆಟ್ಟಿಗೆಗೆ ಹಾಕಿಬಿಡುವುದಿಲ್ಲ. ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯವಿರುತ್ತದೆ, ಅಜ್ಜನ ಕೋವಿಯನ್ನು ಮೊಮ್ಮಗಳು ಹಿಡಿಯುತ್ತಾಳೆ. ಸಾವಾದ ಮನೆಯಿಂದ ಎರಡು ಈಡು ಕೇಳಿದರೆ ಊರಿಗೆ ಸುದ್ದಿ ತಿಳಿಯುತ್ತದೆ. ಹಾಗಾಗಿ ಎತ್ತಿಟ್ಟ ಕೋವಿ ಎಂದರೆ ನಮಗೆ ಒಕ್ಕದಲ್ಲಿ ಜನವಿಲ್ಲ ಎಂಬಂತೆ.

ಭಾರತದ ಕಾನೂನನ್ನು ಕೇಳುವವರಿದ್ದಾರೆಂದು ಎರಡು ಮಾತು. ಕೊಡವ ಜನಾಂಗದವರಿಗೂ ಜಮ್ಮಾ ಎಂಬ ಕೊಡಗಿನ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಉಳಿದ ಕಡೆಗಳಲ್ಲಿ ತಂದೆಯ ಕೋವಿ ತಾನಾಗಿ ಮಗನದ್ದಾಗುವುದಿಲ್ಲ. 2016ರ ನಿಯಮಗಳ ಪ್ರಕಾರ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಪಡೆಯಬೇಕು. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರನ್ನು ಹೆಸರಿಸಿ ವರ್ಗಾಯಿಸಲು ಅವಕಾಶವಿದೆ. ಇದನ್ನು ಹಿರಿಯರು ಇರುವಾಗಲೇ ಮಾಡಿಸಿಕೊಳ್ಳುವುದು ಒಳಿತು. ನನ್ನ ಮಾವನವರ ಕೋವಿ ಕಾಗದಪತ್ರಗಳ ಗೊಂದಲದಿಂದ ಠಾಣೆಯ ಕೋಣೆಯಲ್ಲಿ ನಾಲ್ಕು ಮಳೆಗಾಲ ಕಳೆದು, ನಳಿಗೆಯೆಲ್ಲ ತುಕ್ಕು ಹಿಡಿದು ಮನೆಗೆ ಬಂತು. ಅದನ್ನು ಕೈಗೆ ತೆಗೆದುಕೊಂಡ ದಿನ ಅತ್ತೆ ಅತ್ತದ್ದನ್ನು ನಾನು ಮರೆಯಲಾರೆ.

ಕೊಲರಾಡೋ ಕನ್ನಡಿಗ:

ಕಾನೂನಿನ ಮಾತು ಬಂದದ್ದರಿಂದ: ಅಮೆರಿಕದಲ್ಲಿ ಒಂದು ರಾಜ್ಯದ ಖಾಸಗಿ ವ್ಯಕ್ತಿ ಇನ್ನೊಂದು ರಾಜ್ಯದ ಖಾಸಗಿ ವ್ಯಕ್ತಿಗೆ ಬಂದೂಕನ್ನು ಕೊಡಬೇಕಾದರೆ ಲೈಸೆನ್ಸ್ ಇರುವ ವ್ಯಾಪಾರಿಯ ಮೂಲಕವೇ ಕೊಡಬೇಕು. ಆದರೆ ಉಯಿಲಿನಿಂದ ಅಥವಾ ವಾರಸಿಕೆಯಿಂದ ಬಂದದ್ದಕ್ಕೆ ಒಕ್ಕೂಟದ ಕಾನೂನಿನಲ್ಲಿ ವಿನಾಯಿತಿ ಇದೆ. ಆಯಾ ರಾಜ್ಯದ ಕಾನೂನು ಬೇರೆಯಿರಬಹುದು, ಅದನ್ನು ಮಾತ್ರ ವಿಚಾರಿಸಿಕೊಳ್ಳಬೇಕು. ಉಯಿಲಿನ ಪ್ರತಿಯೊಂದನ್ನು ಬಂದೂಕಿನ ಕಾಗದಗಳ ಜೊತೆಗೇ ಇಡಿ.

ಬಿಡಿಭಾಗಗಳ ಬಗ್ಗೆಯೂ ಎಚ್ಚರ. ಮಾರ್ಲಿನ್ ಮೊದಲು ರೆಮಿಂಗ್ಟನ್ ಪಾಲಾಯಿತು, ಹಳೆಯ ಕಾರ್ಖಾನೆ 2011ರಲ್ಲಿ ಮುಚ್ಚಿತು, 2020ರಲ್ಲಿ ಆ ಹೆಸರನ್ನು ರೂಗರ್ ಕೊಂಡಿತು. 39ಎ ಬಿಡಿಭಾಗಗಳು ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಕಾಲ ಹೋಯಿತು. ಪುಟ್ಟ ಸ್ಪ್ರಿಂಗುಗಳು ಎಲ್ಲಿಯಾದರೂ ಕಂಡರೆ ಕೊಂಡಿಟ್ಟುಕೊಳ್ಳಿ.

ತುಂಗೆಯ ಮೊಮ್ಮಗಳು:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ.

ಜಾಲಹಳ್ಳಿಯ ಹಿರಿಯರು ಹೇಳಿದಂತೆಯೇ ಮಾಡಿದೆ. ಚೇಂಬರಿನ ಅಂಚಿನಲ್ಲಿ ಕಚ್ಚು ಇರಲಿಲ್ಲ. ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಒಳಗೆ ಮಸಿಯ ಬಣ್ಣದ ಬಳೆಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಬಳೆಯನ್ನು ಉಜ್ಜಲು ಕೈ ಬರಲಿಲ್ಲ ಎಂದರೆ ನೀವು ಅರ್ಥಮಾಡಿಕೊಳ್ಳುತ್ತೀರಿ. ಅದು ಅವರ ಎಷ್ಟು ಶನಿವಾರಗಳ ಮಸಿಯೋ. ಅಮ್ಮನಿಗೆ ಫೋನ್ ಮಾಡಿ, ಅಪ್ಪಯ್ಯ ಯಾಕೆ ಬರೀ ಶಾರ್ಟ್ ತೋಟೆಯನ್ನೇ ಬಳಸುತ್ತಿದ್ದರು ಎಂದು ಕೇಳಿದೆ. ಅಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಶನಿವಾರ ಬೆಳಿಗ್ಗೆ ಮಲಗುತ್ತಿದ್ದರು. ಆ ಗಿಡ್ಡ ತೋಟೆಯಲ್ಲಿ ಮದ್ದು ಕಡಿಮೆ, 24 ಇಂಚಿನ ಉದ್ದದ ನಳಿಗೆಯಲ್ಲಿ ಅದರ ಸದ್ದು ಬಾಗಿಲು ಮೆಲ್ಲನೆ ಹಾಕಿದಷ್ಟೇ. ಅದಕ್ಕಾಗಿ ಇಷ್ಟು ವರ್ಷ ಅವರು ಬೇರೆ ತೋಟೆಯನ್ನು ಮನೆಗೇ ತರಲಿಲ್ಲ.

ರಾತ್ರಿ ನೆನೆಯಲು ಬಿಟ್ಟು, ಬೆಳಿಗ್ಗೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಚಿನ ಬ್ರಷ್ ಹಿಡಿದೆ. ಮೊದಲ ಐದಾರು ತುಂಡುಗಳು ಇದ್ದಿಲಿನಂತೆ ಕಪ್ಪಾಗಿ ಬಂದವು, ಆಮೇಲೆ ಬೂದು, ಕೊನೆಗೆ ಪಂಚೆಯ ಬಿಳುಪು ಹಾಗೆಯೇ ಉಳಿಯಿತು. ಎಜೆಕ್ಟರನ್ನು ಬಿಡಿಸಲು ನಾನು ಮರೆತೇಬಿಟ್ಟಿದ್ದೆ, ಮಗ ನೆನಪಿಸಿದ; ಇಲ್ಲಿಯ ಬರಹವನ್ನು ಅವನು ಓದಿಸಿ ಕೇಳಿಕೊಂಡಿದ್ದ.

ಭಾನುವಾರ 50 ಗಜದ ಗುರಿಗೆ ಹತ್ತು ಲಾಂಗ್ ರೈಫಲ್ ಈಡು ಹೊಡೆದೆ. ಲಿವರ್ ಬೆಣ್ಣೆಯಂತೆ ಮುಚ್ಚಿಕೊಂಡಿತು. ಮೇಜಿನ ಮೇಲೆ ಮೊಣಕೈ ಊರಿ, ತೆರೆದ ಗುರಿಕಣ್ಣಿನಿಂದಲೇ ಹೊಡೆದ ಹತ್ತೂ ಎರಡು ಇಂಚಿನ ವೃತ್ತದೊಳಗೆ ಬಿದ್ದವು. ನನ್ನ ಹೆಬ್ಬೆರಳು ಕುದುರೆಯ ಹಿಂದೆ ಕೂರುವ ಕಡೆ ಮರದ ಮೇಲೆ ನುಣುಪಾದ ಒಂದು ತಗ್ಗಿದೆ. ಅದು ಅವರ ಹೆಬ್ಬೆರಳಿನದು, ನನ್ನದಕ್ಕಿಂತ ಸ್ವಲ್ಪ ಅಗಲ. ಪಾಲಿಶ್ ಮಾಡಿಸುವುದಿಲ್ಲ.

ಅಮ್ಮ ಈಗ ನಮ್ಮ ಮನೆಗೆ ಬಂದಿದ್ದಾರೆ. ಈ ವಾರ ಅವರನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ಕೊನೆಯಲ್ಲಿ ಅಪ್ಪಯ್ಯನ ಅರ್ಧ ಖಾಲಿಯಾದ ಡಬ್ಬಿಯಿಂದ ಐದು ಶಾರ್ಟ್ ತೋಟೆಗಳನ್ನು ತುಂಬಿ ಹಾರಿಸಿದೆ. ಅಮ್ಮ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಐದನೆಯದು ಮುಗಿದ ಮೇಲೆ, ಇದೇ ಸದ್ದು ಎಂದರು. ನೀವು ಮಲಗಿರುತ್ತಿದ್ದಿರಲ್ಲ ಎಂದೆ. ನಿದ್ದೆ ಎಲ್ಲಿ ಬರುತ್ತಿತ್ತು, ಈ ಸದ್ದು ಕೇಳುತ್ತಿರುವಷ್ಟು ಹೊತ್ತು ಅವರು ಹಿತ್ತಿಲಲ್ಲಿದ್ದಾರೆ ಎಂದು ತಿಳಿಯುತ್ತಿತ್ತು, ಅದು ನಿಂತ ಮೇಲೆಯೇ ನಿದ್ದೆ ಹೋಗುತ್ತಿದ್ದೆ ಎಂದರು.

ಮನೆಗೆ ಬಂದು ಮತ್ತೆ ಬ್ರಷ್ ಹಾಕಿ ಶುದ್ಧ ಮಾಡಿಟ್ಟಿದ್ದೇನೆ. ಡಬ್ಬಿಯಲ್ಲಿ ಇನ್ನು ನಲವತ್ತು ತುಂಡುಗಳಷ್ಟೇ ಉಳಿದಿವೆ. ಹೊಸದನ್ನು ಕತ್ತರಿಸುವುದಾದರೆ ಅಳತೆ ಎಷ್ಟಿರಬೇಕು?

ಮಕ್ಕಳ ವಾರ್ಡು:

ನಾನು ರಾತ್ರಿ ಪಾಳಿಯಿಂದ ಈಗಷ್ಟೇ ಬಂದು ಇದನ್ನು ಓದಿದೆ. ನಿಮ್ಮ ಅಮ್ಮನವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಜಾಲಹಳ್ಳಿ ಟೂಲ್‌ರೂಮ್:

ಒಂದು ಇಂಚಿನ ಚೌಕ ಸಾಕು ತಾಯೀ, ಅದಕ್ಕಿಂತ ದೊಡ್ಡದಾದರೆ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಶುದ್ಧ ಹತ್ತಿಯದೇ ಆಗಿರಲಿ, ಪಾಲಿಯೆಸ್ಟರ್ ಬೆರೆತದ್ದು ದ್ರವವನ್ನು ಹೀರುವುದಿಲ್ಲ. ಹತ್ತಾರು ಸಲ ಒಗೆದು ಮೆತ್ತಗಾದ ಪಂಚೆಗಿಂತ ಒಳ್ಳೆಯದು ಅಂಗಡಿಯಲ್ಲಿಯೂ ಸಿಗುವುದಿಲ್ಲ. ತಂದೆಯವರ ಬೇರೆ ಪಂಚೆಗಳು ಇದ್ದರೆ, ಅಮ್ಮನವರನ್ನು ಕೇಳಿ ತೆಗೆದುಕೊಳ್ಳಿ.